ಮುಖದ ಉರಿಯನ್ನು ಹೊಳಪೆಂದು ನಂಬಬೇಡಿ

"ಉರಿದರೆ ಕೆಲಸ ಮಾಡ್ತಾ ಇದೆ ಅಂತ." ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೊರಡುವ ಬೆಳಗಿನ ರೈಲಿನಲ್ಲಿ, ರಾಬರ್ಟ್‌ಸನ್‌ಪೇಟೆಯ ಪಾರ್ಲರುಗಳಲ್ಲಿ, ಬಂಗಾರಪೇಟೆಯ ಕಾಲೇಜು ಹುಡುಗಿಯರ ನಡುವೆ ಈ ಮಾತು ಓಡಾಡುತ್ತಿದೆ. ರಾತ್ರಿ ಆಸಿಡ್ ಟೋನರ್ ಹಚ್ಚಿಕೊಂಡಾಗ ಕೆನ್ನೆ ಚುರುಗುಟ್ಟಿದರೆ ಸಹಿಸಿಕೋ, ಕಣ್ಣಲ್ಲಿ ನೀರು ಬಂದರೂ ತೊಳೆಯಬೇಡ, ನಾಳೆ ಮತ್ತೆ ಹಚ್ಚು. ಇದನ್ನು ಮೊದಲು ಹೇಳಿದವರು ಯಾರೋ ತಿಳಿಯದು. ಹಲ್ಲು ಕಚ್ಚಿ ಸಹಿಸಿಕೊಳ್ಳುತ್ತಿರುವವರು ಮಾತ್ರ ನಮ್ಮ ಮನೆಯ ಮಕ್ಕಳು. ಚರ್ಮಕ್ಕೆ ಬಾಯಿಲ್ಲ, ಅದು ಉರಿದೇ ಹೇಳಬೇಕು. ಅದು ಸಾಕು ಎನ್ನುತ್ತಿರುವಾಗ ನಾವು ಇನ್ನೂ ಹಚ್ಚು ಎನ್ನುತ್ತಿದ್ದೇವೆ.

ಟೋನರ್ ಮೇಲೆ ನನಗೆ ಹಗೆಯಿಲ್ಲ. "ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು" ಎಂದು ಈ ಹುಡುಗಿಯರನ್ನು ಆಡಿಕೊಳ್ಳುವವರ ಜೊತೆ ನಾನು ನಿಲ್ಲುವುದೂ ಇಲ್ಲ. ದುಡಿಯುವ ಹೆಣ್ಣು ತನ್ನ ಸಂಬಳದಲ್ಲಿ ಮುನ್ನೂರು ನಾನೂರು ರೂಪಾಯಿ ತನ್ನ ಮುಖಕ್ಕೆ ಖರ್ಚು ಮಾಡಿದರೆ ಯಾರಪ್ಪನ ಗಂಟೂ ಹೋಗುವುದಿಲ್ಲ. ಆಮ್ಲಗಳಿಗೂ ಅವುಗಳದೇ ಮರ್ಯಾದೆಯ ಚರಿತ್ರೆಯಿದೆ. 1974ರಲ್ಲಿ ಅಮೆರಿಕದ ಯೂಜೀನ್ ವ್ಯಾನ್ ಸ್ಕಾಟ್ ಮತ್ತು ರೂಯಿ ಯು ಎಂಬ ಇಬ್ಬರು, ಚರ್ಮ ಹುರುಪೆಹುರುಪೆಯಾಗಿ ಏಳುವ ಇಕ್ತಿಯೋಸಿಸ್ ಎಂಬ ಹುಟ್ಟುಕಾಯಿಲೆಗೆ ಈ ಆಮ್ಲಗಳಿಂದ ಗುಣ ಸಿಗುತ್ತದೆಂದು ಬರೆದರು. ಕಬ್ಬಿನಲ್ಲಿರುವ ಗ್ಲೈಕಾಲಿಕ್, ಮೊಸರಿನಲ್ಲಿರುವ ಲ್ಯಾಕ್ಟಿಕ್, ಕಹಿ ಬಾದಾಮಿಯಿಂದ ಬಂದ ಮ್ಯಾಂಡೆಲಿಕ್ ಎಲ್ಲವೂ ಈ ಬಳಗದವೇ. ಸ್ಯಾಲಿಸಿಲಿಕ್ ಆಮ್ಲದ ಕುಲ ಬೇರೆ, ಅದು ಎಣ್ಣೆಯಲ್ಲಿ ಕರಗಿ ರಂಧ್ರದೊಳಕ್ಕೆ ಇಳಿಯುತ್ತದೆ, ಮೊಡವೆಗೆ ಒಳ್ಳೆಯದು. ಚರ್ಮದ ಮೇಲ್ಪದರದಲ್ಲಿ ಸತ್ತ ಕೋಶಗಳನ್ನು ಒಂದಕ್ಕೊಂದು ಹಿಡಿದಿಟ್ಟಿರುವ ಅಂಟನ್ನು ಇವು ಸಡಿಲಿಸುತ್ತವೆ. ಸುಮಾರು ನಾಲ್ಕು ವಾರದಲ್ಲಿ ತಾನಾಗಿಯೇ ಉದುರಬೇಕಾದ ಪದರ ಸ್ವಲ್ಪ ಬೇಗ ಉದುರುತ್ತದೆ. ಇವುಗಳ ಕೆಲಸ ಅಷ್ಟೇ. ಬಣ್ಣ ಬದಲಿಸುವುದು ಆ ಕೆಲಸದಲ್ಲಿ ಸೇರಿಲ್ಲ.

ಆದರೆ ಬಾಟಲಿಯಲ್ಲಿ ಟೋನರ್ ಬರೀ ನೀರಿನ ಹಾಗೆ ಕಾಣುತ್ತದೆ. ತಿಳಿನೀರನ್ನು ಕಣ್ಣಿಂದ ಅಳೆಯಬಾರದೆಂದು ಬಂಗಾರಪೇಟೆಯವರಿಗೆ ಹೊರಗಿನವರು ಬಂದು ಹೇಳಿಕೊಡಬೇಕಿಲ್ಲ. ನಮ್ಮೂರ ಪಾನಿಪುರಿಯ ಪಾನಿಯೂ ಕುಡಿಯುವ ನೀರಿನ ಹಾಗೇ ಇರುತ್ತದೆ, ನಾಲಗೆಗೆ ಬಿದ್ದ ಮೇಲೆಯೇ ಖಾರದ ಲೆಕ್ಕ. ಟೋನರಿನ ಲೆಕ್ಕ ಮಾತ್ರ ಅಷ್ಟು ಬೇಗ ಸಿಗುವುದಿಲ್ಲ, ವಾರಗಟ್ಟಲೆ ಹಚ್ಚಿದ ಮೇಲೆ ಒಂದು ದಿನ ಒಟ್ಟಿಗೆ ಬರುತ್ತದೆ.

ಅದು ಹೇಗೆ ಬರುತ್ತದೆಂದು ಸ್ವಲ್ಪ ಬಿಡಿಸಿ ಹೇಳಬೇಕು. ಬಿಳಿ ಚರ್ಮ ಕೆರಳಿದರೆ ಕೆಂಪಾಗುತ್ತದೆ. ಜಗತ್ತಿನ ಬಹುಪಾಲು ಲೇಬಲ್ಲುಗಳು "ಕೆಂಪಾದರೆ ನಿಲ್ಲಿಸಿ" ಎಂದೇ ಹೇಳುತ್ತವೆ. ನಮ್ಮ ಕಂದು, ಕಪ್ಪು ಚರ್ಮದ ಮೇಲೆ ಕೆಂಪು ಸುಲಭಕ್ಕೆ ಕಾಣುವುದಿಲ್ಲ. ಮೊದಲು ಕಾಣುವುದು ಮುಖ ತೊಳೆದೊಡನೆ ಬಿಗಿದುಕೊಳ್ಳುವ ಚರ್ಮ, ಬರೀ ನೀರು ಬಿದ್ದರೂ ಚುರ್ ಎನ್ನುವ ಕೆನ್ನೆ, ಮೂಗಿನ ಪಕ್ಕದಲ್ಲಿ ಸಣ್ಣ ಸಿಪ್ಪೆ. ಇವುಗಳ ಜೊತೆಗೆ ಪ್ಲಾಸ್ಟಿಕ್ ಹಾಳೆಯ ಮೇಲಿರುವಂಥ ಒಂದು ನಯವಾದ ಮಿನುಗು. ಆ ಮಿನುಗನ್ನು ನೋಡಿಯೇ ಎದುರುಮನೆಯ ಆಂಟಿ "ಏನಮ್ಮಾ, ಮುಖಕ್ಕೆ ಕಳೆ ಬಂದಿದೆ, ಏನು ಹಚ್ತೀಯಾ?" ಎನ್ನುತ್ತಾರೆ. ಕಾಪಾಡುವ ಮೇಲ್ಪದರ ಕಳೆದುಕೊಂಡ ಚರ್ಮಕ್ಕೆ ಸಿಗುತ್ತಿರುವ ಶಹಬ್ಬಾಸ್ ಅದು. ಹೊಗಳಿಕೆ ಸಿಕ್ಕ ಹುಡುಗಿ ವಾರಕ್ಕೆರಡು ಸಲ ಹಚ್ಚುತ್ತಿದ್ದುದನ್ನು ದಿನಾ ಹಚ್ಚತೊಡಗುತ್ತಾಳೆ.

ಈಗ ಅದೇ ಮುಖ ನಮ್ಮೂರ ದಿನಚರಿಯಲ್ಲಿ ಏನೇನು ದಾಟಬೇಕೆಂದು ನೋಡಿ. ಬೆಳಿಗ್ಗೆ ಸಾವಿರ ಅಡಿಯ ಬೋರ್‌ವೆಲ್ಲಿನ ಗಡಸು ನೀರು, ಮೇಲೆ ಸೋಪು. ಆಮೇಲೆ ಸ್ಟೇಷನ್ನಿನವರೆಗೆ ನಡಿಗೆ. ಊರ್ಗಾಂ, ಕೋರಮಂಡಲ್ ಕಡೆಯವರಾದರೆ ಹಳೆಯ ಚಿನ್ನದ ಗಣಿಯ ಸಯನೈಡ್ ಗುಡ್ಡದಿಂದ ಗಾಳಿಗೆ ಏಳುವ ಬೂದಿಬಣ್ಣದ ಧೂಳೂ ಉಂಟು. ರೈಲಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿದ್ದೇ ಭಾಗ್ಯ ಎಂದು ಕೂತರೆ, ಬಂಗಾರಪೇಟೆ, ಟೇಕಲ್, ಮಾಲೂರು ದಾಟಿ ವೈಟ್‌ಫೀಲ್ಡ್ ಬರುವ ತನಕ ಒಂದೇ ಕೆನ್ನೆಗೆ ಬಿಸಿಲು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಮಾಡಿಸಿದ ಅಧ್ಯಯನದಲ್ಲಿ, ನಾಲ್ಕು ವಾರ ಇಂಥ ಆಮ್ಲ ಹಚ್ಚಿಕೊಂಡವರ ಚರ್ಮ ಬಿಸಿಲಿನ ನೇರಳಾತೀತ ಕಿರಣಕ್ಕೆ ಶೇಕಡ 18ರಷ್ಟು ಹೆಚ್ಚು ಸೂಕ್ಷ್ಮವಾಗಿತ್ತು. ಹಚ್ಚುವುದು ನಿಲ್ಲಿಸಿದ ಒಂದೇ ವಾರಕ್ಕೆ ಅದು ಮೊದಲಿನಂತಾಯಿತು. 2005ರಲ್ಲಿ ಆ ಸಂಸ್ಥೆ ಇಂಥ ಬಾಟಲಿಗಳ ಮೇಲೆ ಬಿಸಿಲಿನ ಎಚ್ಚರಿಕೆ ಹಾಕಿ ಎಂದು ತಯಾರಕರಿಗೆ ಸೂಚಿಸಿತು. ನಮ್ಮಲ್ಲಿ ಟೋನರ್ ಕೊಳ್ಳುವವರೇನೋ ಇದ್ದಾರೆ, ಅದರ ಜೊತೆಗೆ ಸನ್‌ಸ್ಕ್ರೀನ್ ಕೊಳ್ಳುವವರು ಎಷ್ಟು ಮಂದಿ? ಎರಡಕ್ಕೂ ದುಡ್ಡಿಲ್ಲದಿದ್ದರೆ ಮೊದಲು ಕೊಳ್ಳಬೇಕಾದದ್ದು ಸನ್‌ಸ್ಕ್ರೀನ್. ಅದಕ್ಕೂ ಇಲ್ಲದಿದ್ದರೆ ಒಂದು ಛತ್ರಿ, ಒಂದು ಹತ್ತಿ ದುಪಟ್ಟಾ. ಟೋನರ್ ಇಲ್ಲದೆ ಯಾರ ಮುಖವೂ ಕೆಟ್ಟಿಲ್ಲ.

ಕೆರಳಿದ ಕಂದು ಚರ್ಮ ವಾಸಿಯಾಗುವಾಗ ಕಪ್ಪು ಕಲೆ ಬಿಟ್ಟು ಹೋಗುತ್ತದೆ. ನಮ್ಮ ಚರ್ಮದ ಸ್ವಭಾವವೇ ಅದು, ಸುಟ್ಟ ಗಾಯದ ಜಾಗ, ಮೊಡವೆ ಒಡೆದ ಜಾಗ ತಿಂಗಳುಗಟ್ಟಲೆ ಕಪ್ಪಾಗಿ ಉಳಿಯುವುದನ್ನು ಎಲ್ಲರೂ ನೋಡಿದ್ದೇವೆ. ಬೆಳ್ಳಗಾಗಲೆಂದು ಉರಿಸಿಕೊಂಡ ಕೆನ್ನೆ ಆ ಉರಿಯಿಂದಲೇ ಕಪ್ಪಾಗುತ್ತದೆ. ಇಲ್ಲಿಗೆ ನಿಲ್ಲಿಸಿದರೆ ಬಚಾವ್, ಕೆಲವು ತಿಂಗಳಿಗೆ ಕಲೆ ಮಾಸುತ್ತದೆ. ಆದರೆ ಹುಡುಗಿ ಇಲ್ಲಿಗೆ ನಿಲ್ಲಿಸುವುದಿಲ್ಲ. ಟೋನರ್ ಸಾಲಲಿಲ್ಲವೆಂದು ಮೆಡಿಕಲ್ ಶಾಪಿನ ಮೆಟ್ಟಿಲು ಹತ್ತುತ್ತಾಳೆ.

ಆ ಕೌಂಟರಿನ ಎದುರು ಒಂದು ಸಂಜೆ ಸುಮ್ಮನೆ ನಿಂತು ನೋಡಿ. ಹುಡುಗಿ ಮಾತಾಡುವುದಿಲ್ಲ, ಮೊಬೈಲಿನ ಫೋಟೋ ಒಂದನ್ನು ಅಂಗಡಿಯವನ ಕಡೆ ತಿರುಗಿಸುತ್ತಾಳೆ. ಅವನು ಫೋಟೋ ನೋಡುತ್ತಾನೆ, ಮುಖ ನೋಡುವುದಿಲ್ಲ. ಒಂದು ಟ್ಯೂಬು ಪೇಪರ್ ಕವರಿಗೆ ಬೀಳುತ್ತದೆ. ಚೀಟಿ ಎಲ್ಲಿ ಎಂದು ಅವನು ಕೇಳುವುದಿಲ್ಲ, ಎಷ್ಟು ದಿನ ಹಚ್ಚಬೇಕೆಂದು ಅವಳೂ ಕೇಳುವುದಿಲ್ಲ. ಒಂದು ನಿಮಿಷ ಹಿಡಿಯದ ವ್ಯವಹಾರ. ಟ್ಯೂಬಿನಲ್ಲಿರುವುದು ಬಹಳ ಸಲ ಸ್ಟೀರಾಯ್ಡ್: ಬೀಟಾಮೆಥಸೋನ್, ಕ್ಲೋಬೆಟಸಾಲ್, ಇಲ್ಲವೇ ಮೊಮೆಟಸೋನಿಗೆ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಬೆರೆಸಿದ್ದು. ಮೊದಲ ವಾರ ಮುಖ ಹೂವಿನ ಹಾಗಾಗುತ್ತದೆ. ಮೂರ್ನಾಲ್ಕು ತಿಂಗಳಿಗೆ ಚರ್ಮ ತೆಳುವಾಗಿ ರಕ್ತನಾಳಗಳ ಜಾಲ ಕಾಣುತ್ತದೆ, ಮೊಡವೆ ಗುಂಪುಗುಂಪಾಗಿ ಏಳುತ್ತದೆ, ಕೆನ್ನೆಯ ಮೇಲೆ ಕೂದಲು ಬರುತ್ತದೆ. ಹಚ್ಚುವುದು ಬಿಟ್ಟರೆ ಬೆಂಕಿ ಬಿದ್ದಂತೆ ಉರಿ, ಹಾಗಾಗಿ ಬಿಡಲೂ ಆಗುವುದಿಲ್ಲ. ಚರ್ಮರೋಗ ವೈದ್ಯರ ಸಂಘ ವರ್ಷಗಟ್ಟಲೆ ಬಡಿದಾಡಿದ ಮೇಲೆ 2018ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೀರಾಯ್ಡ್ ಲೇಪಗಳನ್ನು ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ವೈದ್ಯರ ಚೀಟಿ ಇಲ್ಲದೆ ಅವನ್ನು ಮಾರುವುದು ಅಪರಾಧ. ಕಾನೂನು ಪುಸ್ತಕದಲ್ಲಿದೆ, ಟ್ಯೂಬು ಗಾಜಿನ ಕಪಾಟಿನ ಮುಂದಿನ ಸಾಲಿನಲ್ಲಿದೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಸಣ್ಣ ದುಂಡು ಡಬ್ಬಿ, ಮೇಲೆ ಯಾವುದೋ ಪರದೇಶದ ಲಿಪಿ, ತಯಾರಕರ ವಿಳಾಸವಿಲ್ಲ, ಒಳಗೇನಿದೆ ಎಂಬ ಪಟ್ಟಿಯಿಲ್ಲ. ಇಂಥ ಡಬ್ಬಿಗಳ ಬಗ್ಗೆ ಎಚ್ಚರಿಸುವವರು ಒಂದು ಗುರುತು ಹೇಳಿಕೊಡುತ್ತಾರೆ: ಚಿನ್ನ, ಬೆಳ್ಳಿ ಒಡವೆಗೆ ತಾಗಿಸಬೇಡಿ ಎಂದು ಬರೆದಿದ್ದರೆ ಅದರಲ್ಲಿ ಪಾದರಸ ಇರಬಹುದು. ಬೇರೆ ಊರಿನವರಿಗೆ ಇದೊಂದು ವಿಚಿತ್ರ ಸೂಚನೆ. ಚಿನ್ನದ ಗಣಿಯ ಊರಾದ ಕೆಜಿಎಫ್‌ನವರು ಇದನ್ನು ಓದಿದ ಕೂಡಲೇ ಬೆಚ್ಚಬೇಕು. ಪಾದರಸ ಚಿನ್ನವನ್ನು ಕಂಡರೆ ಬಿಡುವುದಿಲ್ಲ, ಅಪ್ಪಿಕೊಂಡು ಬೆಳ್ಳಗೆ ಮಾಡಿಬಿಡುತ್ತದೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿಗೆ ಬಂದ ಮೇಲೆ, ಅರೆದ ಕಲ್ಲಿನ ಹಿಟ್ಟನ್ನು ನೀರಿನೊಂದಿಗೆ ಪಾದರಸ ಬಳಿದ ತಾಮ್ರದ ತಗಡುಗಳ ಮೇಲೆ ಹರಿಸಿ ಚಿನ್ನ ಹಿಡಿದದ್ದು ಈ ಗುಣದಿಂದಲೇ. ಹಿಡಿಯಲಾಗದೆ ಉಳಿದ ಕಣಕ್ಕೆ ಸಯನೈಡ್ ಬಂತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು, ಗಣಿಯ ಆಸ್ಪತ್ರೆಯೂ ಬಾಗಿಲು ಹಾಕಿತು, ಸಯನೈಡ್ ಗುಡ್ಡಗಳು ಉಳಿದವು. ಚಿನ್ನಕ್ಕಾಗಿ ತಾತಂದಿರು ಯಾವ ಲೋಹದ ಪಕ್ಕದಲ್ಲಿ ದುಡಿದರೋ, ಮೊಮ್ಮಗಳು ಚಿನ್ನದ ಬಣ್ಣಕ್ಕಾಗಿ ಅದನ್ನೇ ಕೆನ್ನೆಗೆ ಹಚ್ಚುತ್ತಿದ್ದಾಳೆ. ಮಲಗಿದಾಗ ಅದು ಆವಿಯಾಗಿ ಪಕ್ಕದಲ್ಲಿರುವ ಮಗುವಿನ ಉಸಿರಿಗೂ, ಒರೆಸಿದ ಟವೆಲ್ಲಿನಿಂದ ಮನೆಯವರ ಮೈಗೂ ಹೋಗುತ್ತದೆ.

ಈ ಪಾದರಸ ಮೂತ್ರಪಿಂಡಕ್ಕೂ ಹೋಗುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನ ಒಂದು ಆಸ್ಪತ್ರೆಯಲ್ಲಿ 2021ರ ಜುಲೈನಿಂದ 2023ರ ಸೆಪ್ಟೆಂಬರ್‌ವರೆಗೆ ಮೆಂಬ್ರೇನಸ್ ನೆಫ್ರಾಪತಿ ಎಂಬ ಮೂತ್ರಪಿಂಡದ ಕಾಯಿಲೆಯ 22 ಜನ ಕಂಡುಬಂದರು. ಅವರಲ್ಲಿ 15 ಮಂದಿಗೆ ಇದ್ದದ್ದು ಅಪರೂಪದ ಒಂದು ಬಗೆ, ಆ 15ರಲ್ಲಿ 13 ಮಂದಿ ಬೆಳ್ಳಗಾಗುವ ಕ್ರೀಮು ಹಚ್ಚುತ್ತಿದ್ದೆವೆಂದು ಒಪ್ಪಿಕೊಂಡರು. ಅಲ್ಲಿನ ವೈದ್ಯರು ಕೇಳಿದ್ದರಿಂದ ಈ ಸಂಗತಿ ಹೊರಬಂತು. ನಮ್ಮಲ್ಲಿ ಮೂತ್ರಪಿಂಡ ಕೆಟ್ಟು ಕಾಲು ಬಾತು ಬಂದ ಹುಡುಗಿಯನ್ನು "ಮುಖಕ್ಕೆ ಏನು ಹಚ್ತೀಯಮ್ಮಾ?" ಎಂದು ಯಾರು ಕೇಳುತ್ತಾರೆ? ಪಾದರಸದ ಬಗೆಗಿನ ಮಿನಮಾಟಾ ಒಪ್ಪಂದವನ್ನು ಭಾರತ 2018ರಲ್ಲಿ ಅನುಮೋದಿಸಿದೆ. ಪಾದರಸ ಸೇರಿಸಿದ ಸೌಂದರ್ಯವರ್ಧಕ ಒಂದೂ ಇರಬಾರದು, ಅದಕ್ಕೆ 2025 ಕೊನೆಯ ಗಡುವು ಎಂದು ಆ ಒಪ್ಪಂದದ ದೇಶಗಳೇ 2023ರಲ್ಲಿ ತೀರ್ಮಾನಿಸಿವೆ. ಡಬ್ಬಿಗಳಿಗೆ ಗಡುವು ಗೊತ್ತಾಗುವುದಿಲ್ಲ, ಅಧಿಕಾರಿಗಳು ಗೊತ್ತುಮಾಡಿಸಬೇಕು.

ಇಷ್ಟಕ್ಕೂ ಬಾಟಲಿ, ಟ್ಯೂಬು, ಡಬ್ಬಿ ತಾವಾಗಿ ನಡೆದು ಮನೆಗೆ ಬರುವುದಿಲ್ಲ. ಕರೆಯುವವರು ನಾವು. ಹೆಣ್ಣು ಮಗು ಹುಟ್ಟಿದ ದಿನವೇ ತೊಟ್ಟಿಲಿಗೆ ಬಗ್ಗಿ ಕಿವಿಯ ಅಂಚು ನೋಡಿ "ಮುಂದೆ ಇದೇ ಬಣ್ಣ ಬರೋದು" ಎಂದು ಭವಿಷ್ಯ ಹೇಳುವ ಅಜ್ಜಿಯರು ನಮ್ಮಲ್ಲಿದ್ದಾರೆ. "ಕಪ್ಪಾದರೂ ಲಕ್ಷಣವಾಗಿದ್ದಾಳೆ" ಎಂದು ಹೊಗಳಿದೆವೆಂದುಕೊಳ್ಳುವ ಅತ್ತೆಯರಿದ್ದಾರೆ. ವಧು ಬೇಕಾಗಿದೆ ಎಂಬ ಜಾಹೀರಾತಿನಲ್ಲಿ ಗೋಧಿ ಮೈಬಣ್ಣ ಎಂದು ಬರೆಸುವ ಅಪ್ಪಂದಿರು, ಬೇಡವೆಂದರೂ ಮದುವೆ ಫೋಟೋದಲ್ಲಿ ಮುಖಕ್ಕೆ ಸುಣ್ಣ ಬಳಿಯುವ ಸ್ಟುಡಿಯೋದವರು, ಫ್ರಂಟ್ ಆಫೀಸಿಗೆ "ಪ್ರೆಸೆಂಟಬಲ್" ಹುಡುಗಿ ಬೇಕೆನ್ನುವ ಬೆಂಗಳೂರಿನ ಮ್ಯಾನೇಜರುಗಳು. ಗಂಡುಹುಡುಗರನ್ನೂ ಈಗ ಬಿಟ್ಟಿಲ್ಲ, ಅಕ್ಕನ ಬಾಟಲಿ ಕದ್ದು ಹಚ್ಚುವ ತಮ್ಮಂದಿರು ಮನೆಮನೆಯಲ್ಲಿದ್ದಾರೆ. ದೇಶದ ಅತಿ ಹೆಸರಾಂತ ಫೇರ್‌ನೆಸ್ ಕ್ರೀಮು 1975ರಲ್ಲಿ ಬಂದು 2020ರಲ್ಲಿ ಹೆಸರಿನಿಂದ ಫೇರ್ ತೆಗೆದು ಗ್ಲೋ ಇಟ್ಟುಕೊಂಡಿತು. ನಾವೂ ಹಾಗೆಯೇ, ಈಗ ಬಾಯಲ್ಲಿ ಬಿಳುಪು ಎನ್ನುವುದಿಲ್ಲ, ಗ್ಲೋ ಎನ್ನುತ್ತೇವೆ. ಮನಸ್ಸಿನಲ್ಲಿರುವುದು ಹಳೆಯದೇ.

ಚಿನ್ನದ ಗಣಿಯ ಊರಿನಲ್ಲಿ ಇದು ನಡೆಯುತ್ತಿದೆ ಎಂಬುದು ನನ್ನನ್ನು ಹೆಚ್ಚು ಚುಚ್ಚುತ್ತದೆ. ಈ ಗಣಿಗಳಿಗೆ ಇಳಿದವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟಿನಿಂದ, ಚಿತ್ತೂರಿನಿಂದ, ಸುತ್ತಲ ಹಳ್ಳಿಗಳಿಂದ ಬಂದ ದಲಿತರು. ಮೈಬಣ್ಣವನ್ನು ಜಾತಿಯ ಜೊತೆ ಗಂಟುಹಾಕಿ ಅವಮಾನಿಸುವವರನ್ನು ಅವರು ಹಳ್ಳಿಯಲ್ಲೂ ಕಂಡಿದ್ದರು, ಇಲ್ಲಿ ಬಿಳಿಯ ಸಾಹೇಬರ ಬಂಗಲೆಗಳ ಮುಂದೆಯೂ ಕಂಡರು. ತಲೆ ಬಗ್ಗಿಸಿ ಕೂರಲಿಲ್ಲ. ಕಳೆದ ಶತಮಾನದ ಮೊದಲ ದಶಕಗಳಲ್ಲೇ ತಮಿಳು ಬೌದ್ಧ ಚಿಂತಕ ಅಯೋಥಿ ದಾಸರ ದಾರಿ ಹಿಡಿದು ಮಾರಿಕುಪ್ಪಂ, ಚಾಂಪಿಯನ್ ರೀಫ್ ಕಡೆ ಬೌದ್ಧ ಸಂಘ ಕಟ್ಟಿದರು, ಪುಸ್ತಕ ಅಚ್ಚು ಹಾಕಿಸಿದರು. 1930ರಲ್ಲಿ ಕಂಪನಿ ಎಲ್ಲರ ಬೆರಳಚ್ಚು ತೆಗೆಯುತ್ತೇವೆಂದಾಗ ಸಾವಿರಾರು ಕಾರ್ಮಿಕರು ಕೆಲಸ ನಿಲ್ಲಿಸಿದರು. ನಮ್ಮನ್ನೇನು ಕಳ್ಳರೆಂದು ತಿಳಿದಿರಾ ಎಂಬುದು ಆ ಮುಷ್ಕರದ ಹಿಂದಿದ್ದ ಸಿಟ್ಟು. ಬೆರಳ ತುದಿಯ ಚರ್ಮದ ಗುರುತನ್ನೂ ಮರ್ಯಾದೆ ಬಿಟ್ಟು ಕೊಡೆವು ಎಂದ ಜನರ ಮೊಮ್ಮಕ್ಕಳು, ಮರಿಮಕ್ಕಳು ಇವತ್ತು ಮುಖದ ಚರ್ಮವನ್ನು ಪದರಪದರವಾಗಿ ಒಪ್ಪಿಸುತ್ತಿದ್ದಾರೆ. ಕಂಪನಿ ಕೇಳಿದ್ದಕ್ಕಲ್ಲ, ನಾವು ಕೇಳಿದ್ದಕ್ಕೆ.

ಹಾಗಾಗಿ ಮೊದಲ ಮಾತು ಮನೆಯ ಹಿರಿಯರಿಗೆ. ದಯವಿಟ್ಟು ಬಣ್ಣದ ಮಾತು ನಿಲ್ಲಿಸಿ. ತಮಾಷೆಗೂ ಬೇಡ, ಪ್ರೀತಿಯಿಂದಲೂ ಬೇಡ. ಮಗಳು ಬಿಸಿಲಲ್ಲಿ ಬಂದರೆ ನೀರು ಕೊಡಿ, "ಎಷ್ಟು ಕಪ್ಪಾಗಿದ್ದೀಯೆ" ಎಂಬ ಸ್ವಾಗತ ಬೇಡ. ಹೆಣ್ಣು ನೋಡಲು ಬಂದವರು ಬಣ್ಣದ ಸೊಲ್ಲೆತ್ತಿದರೆ ಕಾಫಿ ಕೊಟ್ಟು ಬೀಳ್ಕೊಡಿ, ಆ ಸಂಬಂಧ ಹೋದರೆ ಹೋಗಲಿ. ಗಂಡಿನ ಕಡೆಯವರಾಗಿ ಹೋದಾಗಲೂ ನಿಮ್ಮ ಬಾಯಿಗೆ ಇದೇ ಕಟ್ಟುನಿಟ್ಟು ಇರಲಿ. ಆಗ ಮರೆತುಬಿಡುವವರೇ ಹೆಚ್ಚು.

ಮೆಡಿಕಲ್ ಶಾಪಿನವರೇ, ನೀವು ಈ ಊರಿನವರೇ. ಗಣಿ ಮುಚ್ಚಿ ಸಂಬಳ ನಿಂತಾಗ ಸಾಲದ ಪುಸ್ತಕ ತೆರೆದು ಔಷಧ ಕೊಟ್ಟ ಅಂಗಡಿಗಳು ನಿಮ್ಮಲ್ಲಿವೆ ಎಂದು ಜನ ಇವತ್ತಿಗೂ ನೆನೆಯುತ್ತಾರೆ. ಅದೇ ಕೈಯಿಂದ ಈ ಟ್ಯೂಬು ಮಾರುವುದು ಬೆಂದ ಮನೆಯಲ್ಲಿ ಗಳ ಹಿರಿಯುವ ಕೆಲಸ. ಚೀಟಿ ಇಲ್ಲದೆ ಸ್ಟೀರಾಯ್ಡ್ ಕೊಡಬೇಡಿ. ನಿಮಗೆ ತಿಳಿಯದ ಲಿಪಿಯ ಡಬ್ಬಿಯನ್ನು ಕಪಾಟಿನಲ್ಲಿ ಇಡಬೇಡಿ. ಪಕ್ಕದ ಅಂಗಡಿಯವನು ಮಾರುತ್ತಾನೆ ಎನ್ನುತ್ತೀರಿ. ಮಾರಲಿ, ಅವನ ಮನೆಯಲ್ಲೂ ಹೆಣ್ಣುಮಕ್ಕಳಿದ್ದಾರೆ, ಅವನಿಗೂ ಈ ಪತ್ರಿಕೆ ಓದಲು ಕೊಡಿ.

ಪಾರ್ಲರ್ ನಡೆಸುವ ಅಕ್ಕಂದಿರ ಹೊಟ್ಟೆಪಾಡು ನನಗೆ ಗೊತ್ತು, ಆದರೆ ಶೇಕಡ 30ರ ಪೀಲ್ ದ್ರಾವಣ ಕೈಗೆ ಸಿಕ್ಕ ಮಾತ್ರಕ್ಕೆ ನೀವು ವೈದ್ಯರಾಗುವುದಿಲ್ಲ. ಕೆಲವೇ ನಿಮಿಷಕ್ಕೆ ತೊಳೆಯಬೇಕಾದದ್ದನ್ನು "ಇನ್ನೊಂದೈದು ನಿಮಿಷ ಇರಲಿ" ಎಂದು ಬಿಟ್ಟ ಮುಖಕ್ಕೆ ಆಮೇಲೆ ಯಾರು ಹೊಣೆ?

ಕೋಲಾರದ ಔಷಧ ನಿಯಂತ್ರಣ ಅಧಿಕಾರಿಗಳು ರಾಬರ್ಟ್‌ಸನ್‌ಪೇಟೆಯ, ಬಂಗಾರಪೇಟೆಯ ಮಾರುಕಟ್ಟೆಗೆ ಬರಲಿ, ಡಬ್ಬಿಗಳ ಮಾದರಿ ತೆಗೆದು ಪರೀಕ್ಷಿಸಲಿ, ಫಲಿತಾಂಶವನ್ನು ಕನ್ನಡದಲ್ಲಿ, ತಮಿಳಿನಲ್ಲಿ, ತೆಲುಗಿನಲ್ಲಿ, ಉರ್ದುವಿನಲ್ಲಿ ಬಸ್ ನಿಲ್ದಾಣದಲ್ಲಿ ಅಂಟಿಸಲಿ. ಒಬ್ಬಿಬ್ಬರು ಅರ್ಜಿ ಕೊಟ್ಟರೆ ಫೈಲಿಗೆ ಹೋಗುತ್ತದೆ. ಊರಿಗೆ ಊರೇ ಕೇಳಿದರೆ ಜೀಪು ಬರುತ್ತದೆ.

ಇನ್ನು ನೀನು, ರೈಲಿನಲ್ಲಿ ಹೋಗುವವಳು. ನಿನಗೆ ಬುದ್ಧಿ ಹೇಳುವವರು ಬೇಕಾದಷ್ಟಿದ್ದಾರೆ, ನಾನು ಲೆಕ್ಕ ಮಾತ್ರ ಹೇಳುತ್ತೇನೆ. ಮೊಡವೆಗೋ ಒರಟು ಚರ್ಮಕ್ಕೋ ಟೋನರ್ ಬೇಕೆನಿಸಿದರೆ ಕಡಿಮೆ ಪ್ರಮಾಣದ್ದು ತಗೋ, ಮೊದಲು ಕಿವಿಯ ಹಿಂದೆ ಹಚ್ಚಿ ಎರಡು ದಿನ ನೋಡು. ವಾರಕ್ಕೆ ಒಂದೆರಡು ರಾತ್ರಿ ಸಾಕು. ಅದೇ ರಾತ್ರಿ ರೆಟಿನಾಲ್ ಬೇಡ, ಸ್ಕ್ರಬ್ ಬೇಡ, ನಿಂಬೆ ಹೋಳಂತೂ ಬೇಡವೇ ಬೇಡ. ನಿಂಬೆರಸ ಎಷ್ಟೋ ಟೋನರುಗಳಿಗಿಂತ ಹುಳಿ. ಬೆಳಿಗ್ಗೆ ಸನ್‌ಸ್ಕ್ರೀನ್ ಇಲ್ಲದಿದ್ದರೆ ಹಿಂದಿನ ರಾತ್ರಿ ಟೋನರೂ ಇಲ್ಲ. ಉರಿದರೆ ತೊಳೆ, ಉರಿ ನಿಲ್ಲುವ ತನಕ ಎಲ್ಲ ಬಾಟಲಿಗಳನ್ನೂ ಬಿಡು, ಮೆತ್ತನೆಯ ಮಾಯಿಶ್ಚರೈಸರ್ ಒಂದು ಸಾಕು. ಬಸುರಿಯಾಗಿದ್ದರೆ ವೈದ್ಯರನ್ನು ಕೇಳದೆ ಏನನ್ನೂ ಹಚ್ಚಬೇಡ. ಬಣ್ಣ ಬದಲಾಗಲೆಂದು ಕೊಳ್ಳುವುದಾದರೆ ಕೊಳ್ಳಲೇಬೇಡ. ಕಪ್ಪು ಮೈಯಲ್ಲಿ ಬಣ್ಣದ ಕೋಶಗಳು ಹೆಚ್ಚೇನೂ ಇಲ್ಲ. ಬಿಳಿಯರಲ್ಲಿರುವಷ್ಟೇ ಇವೆ, ಹೆಚ್ಚು ದುಡಿಯುತ್ತವೆ, ಬಿಸಿಲನ್ನು ಒಳಗೆ ಬಿಡದೆ ತಡೆಯುತ್ತವೆ. ಕಲೆ ಉಳಿದಿದ್ದರೆ, ಸ್ಟೀರಾಯ್ಡ್ ಬಿಡಲಾಗದೆ ಒದ್ದಾಡುತ್ತಿದ್ದರೆ ಕೋಲಾರದ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆಗೋ, ಟಮಕದ ಆರ್.ಎಲ್. ಜಾಲಪ್ಪ ಆಸ್ಪತ್ರೆಗೋ ಹೋಗು. ಸ್ಟೀರಾಯ್ಡನ್ನು ಒಂದೇ ಏಟಿಗೆ ಬಿಡಬೇಡ, ಮೆಲ್ಲಗೆ ಬಿಡಿಸುವ ಕ್ರಮ ಅವರಿಗೆ ಗೊತ್ತು. ಹಚ್ಚಿದ್ದನ್ನು ಮುಚ್ಚಿಡದೆ ಹೇಳು, ಟ್ಯೂಬನ್ನೇ ತೆಗೆದುಕೊಂಡು ಹೋಗಿ ತೋರಿಸು.

ಇದನ್ನು ಒಬ್ಬೊಬ್ಬರೇ ಮಾಡುವುದು ಕಷ್ಟ, ನಾಚಿಕೆ ಅಡ್ಡ ಬರುತ್ತದೆ. ನಮ್ಮಲ್ಲಿ ಬೀದಿಗೊಂದು ಸ್ತ್ರೀಶಕ್ತಿ ಸಂಘವಿದೆ, ಸಾಲದ ಕಂತು ಕಟ್ಟಲು ತಪ್ಪದೆ ಸೇರುತ್ತೇವೆ. ಮುಂದಿನ ಸಭೆಗೆ ಪಾಸ್‌ಬುಕ್ಕಿನ ಜೊತೆ ಮನೆಯಲ್ಲಿ ಮುಖಕ್ಕೆ ಹಚ್ಚುವುದೆಲ್ಲವನ್ನೂ ಒಂದು ಚೀಲದಲ್ಲಿ ತನ್ನಿ, ಹೆಣ್ಣುಮಕ್ಕಳನ್ನೂ ಕರೆತನ್ನಿ. ಕಾಲೇಜಿಗೆ ಹೋಗುವ ಹುಡುಗಿ ಒಬ್ಬಳು ಲೇಬಲ್ಲುಗಳನ್ನು ಗಟ್ಟಿಯಾಗಿ ಓದಲಿ. ಸೋನ್ ಎಂದು ಮುಗಿಯುವ ಹೆಸರು, ಕ್ಲೋಬೆಟಸಾಲ್, ಹೈಡ್ರೋಕ್ವಿನೋನ್ ಕಂಡರೆ ವೈದ್ಯರಿಗೆ ತೋರಿಸಲು ಒಂದು ಕಡೆ ಇಡಿ. ಮರ್ಕ್ಯುರಿ, ಕ್ಯಾಲೊಮೆಲ್ ಎಂದಿದ್ದರೆ, ಇಲ್ಲವೇ ಹೆಸರು, ವಿಳಾಸ, ಪಟ್ಟಿ ಏನೂ ಇಲ್ಲದಿದ್ದರೆ ಇನ್ನೊಂದು ಕಡೆ. ಆ ಎರಡನೆಯ ರಾಶಿಯನ್ನು ಚರಂಡಿಗೆ ಸುರಿಯಬೇಡಿ, ಒಲೆಗೆ ಹಾಕಬೇಡಿ, ಸುಟ್ಟರೆ ಪಾದರಸದ ಹೊಗೆ ಮನೆ ತುಂಬುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ, ಕೊಂಡ ಅಂಗಡಿಯ ಹೆಸರನ್ನು ಚೀಟಿಯಲ್ಲಿ ಬರೆದು, ಹತ್ತು ಜನ ಸಹಿ ಹಾಕಿ ಔಷಧ ನಿಯಂತ್ರಣ ಅಧಿಕಾರಿಗಳಿಗೆ ಮುಟ್ಟಿಸಿ, ಸ್ವೀಕೃತಿ ಕೇಳಿ ಪಡೆಯಿರಿ.